ಸಿಂಕಿಗೆ ಚೆಲ್ಲಿದ ಬಿಳಿ ಕಾಳು

ಪತ್ತಾರರ ಅಂಗಡಿ ಮುಂದಿನ ಗಟಾರದ ಮಣ್ಣನ್ನು ಮರಿಗೆಯಲ್ಲಿ ಜಾಲಿಸಿ, ಉದುರಿದ ಚಿನ್ನದ ಪುಡಿ ತೆಗೆದು ಮಾರಿ, ಅವ್ವ ನನ್ನನ್ನು ಎಂ.ಎಸ್ಸಿ. ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಕೊಲ್ಲಿ ದೇಶದ ಈ ದೇರಾದಲ್ಲಿ ಚಿನ್ನ ಪರೀಕ್ಷೆಯ ಲ್ಯಾಬಿಗೆ ಸೇರಿ ನಾಲ್ಕು ವರ್ಷವಾಗಿದ್ದರೂ ಆ ಗಟಾರದ ವಿಷಯ ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಇಲ್ಲೇ ಮಿರ್ದಿಫ್ ಬಡಾವಣೆಯಲ್ಲಿರುವ ಮಗಳನ್ನು ನೋಡಲು ಬಂದಿದ್ದ ವಿದೇಶಿ ಮುದುಕನೊಬ್ಬ ಒಂದು ಪುಟ್ಟ ಬಾಟಲಿ ಕೊಟ್ಟು ಚಹಾ ಕುಡಿಯಲು ಹೋದ. ಭೂಮಿಯ ಉತ್ತರದ ತುದಿಯಲ್ಲಿ, ವರ್ಷದ ಎಂಟು ತಿಂಗಳು ಹೆಪ್ಪುಗಟ್ಟುವ ನದಿಯ ಮರಳನ್ನು ಒಬ್ಬನೇ ಜಾಲಿಸುತ್ತಾನಂತೆ. ಬಾಟಲಿಯಲ್ಲಿದ್ದದ್ದು ಎರಡು ಬೇಸಿಗೆಯ ದುಡಿಮೆ.

ತೂಕಕ್ಕೆ ಮುಂಚೆ ಸ್ಟೀಲ್ ತಟ್ಟೆಗೆ ಸುರಿದು ತೊಳೆದೆ. ಹಳದಿ ಚೂರುಗಳ ನಡುವೆ ಬೂದುಬಿಳುಪಿನ ಕಾಳುಗಳಿದ್ದವು. "ಬಿಳೀ ಕಾಳು ಬೆಸಗೀದು, ಚೆಲ್ಲವ್ವಾ," ಅನ್ನುತ್ತಿದ್ದಳು ಅವ್ವ, ಗಟಾರದ ಮಣ್ಣಿನಲ್ಲಿ ಬೆಸುಗೆಯ ತವರದ ಚೂರು ಸಿಕ್ಕಾಗ. ಚಿಮಟದಿಂದ ಒಂದೊಂದನ್ನೇ ಆರಿಸಿ ಸಿಂಕಿಗೆ ಹಾಕಿ ನಲ್ಲಿ ಬಿಟ್ಟೆ.

ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥರು, ಉಡುಪಿಯವರು, ಮುದುಕ ತುಂಬಿಕೊಟ್ಟ ಅರ್ಜಿ ಹಿಡಿದು ಬಂದರು.

"ಅವರಿಗೆ ಚಿನ್ನದ್ದು ಬೇಡವಂತೆ. ಆ ಬಿಳಿ ಕಾಳು ಪ್ಲಾಟಿನಂ ಹೌದಾ ನೋಡ್ಬೇಕಂತೆ. ಹೌದಾದ್ರೆ ಮಾತ್ರ ಮತ್ತೆ ಆ ನದಿಗೆ ಹೋಗುದಂತೆ."

ನದಿಯಲ್ಲಿ ಬೆಸುಗೆ ಎಲ್ಲಿಂದ ಬರಬೇಕು? ಪ್ಲಾಟಿನಂ ಬಗ್ಗೆ ಎಂ.ಎಸ್ಸಿ. ಪರೀಕ್ಷೆಯಲ್ಲಿ ಆರು ಪುಟ ಬರೆದವಳು ನಾನು!

"ಸರ್, ಚೆಲ್ಲಿಬಿಟ್ಟೆ."

"ಎಂತ? ಎಲ್ಲಿಗೆ ಮಾರಾಯ್ತಿ?"

ನಲ್ಲಿ ನಿಲ್ಲಿಸಿ, ಸಿಂಕಿನ ಕೆಳಗೆ ಮಂಡಿಯೂರಿ ಬಾಗಿದ ಪೈಪನ್ನು ಬಿಚ್ಚಿದೆ. ಕಪ್ಪು ರಾಡಿ ಬಕೆಟ್ಟಿಗೆ ಬಿತ್ತು. ರಾಡಿಯನ್ನು ತಟ್ಟೆಗೆ ಸುರಿದು ಜಾಲಿಸತೊಡಗಿದಾಗ ಮಣಿಕಟ್ಟು ಅವ್ವನದಾಯಿತು. ಭಾರದ ಕಾಳು ದೂರ ಹೋಗಿರಲಿಲ್ಲ. ಒಂದು, ಎರಡು, ಕೊನೆಗೆ ಹದಿಮೂರು.

"ವೀಸಾಕ್ಕೆ ನಿನ್ನ ಡಿಗ್ರಿ ಅಟೆಸ್ಟ್ ಮಾಡಿದವರು ಇದನ್ನು ನೋಡ್ಬೇಕಿತ್ತು," ಅಂದರು ಮುಖ್ಯಸ್ಥರು. ಬೈಗುಳವೋ ತಮಾಷೆಯೋ ತಿಳಿಯಲಿಲ್ಲ.

ಬಾಗಿಲಲ್ಲಿ ಮುದುಕ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. ಅವನು ಕಾಳುಗಳನ್ನು ಎಣಿಸಿದ. ತಂದದ್ದೂ ಹದಿಮೂರೇ ಎಂದ. ಆಮೇಲೆ ನನ್ನ ಕೈ ನೋಡಿದ.

"ಯಾವ ನದಿಯಲ್ಲಿ ಕಲಿತೆ?" ಹರಕು ಇಂಗ್ಲಿಷಿನಲ್ಲಿ ಕೇಳಿದ.

"ನದಿಯಲ್ಲ," ಎಂದೆ, ಮುಖ್ಯಸ್ಥರಿಗೂ ಕೇಳುವಂತೆ. "ಗಟಾರ. ನಮ್ಮವ್ವ ಕಲಿಸಿದ್ದು."