ಕಡೆಮನೆ ಅಕ್ಕನ ಕಿಟಕಿ

ಹೋದ ವಾರ ಚಳಿ ಜಾಸ್ತಿಯಾಯಿತೆಂದು ಟ್ರಂಕಿನ ತಳದಿಂದ ಒಂದು ಹಳೆಯ ನೀಲಿ ಸ್ವೆಟರ್ ತೆಗೆದೆ. ಬಾಗಿಲಲ್ಲಿ ನಿಂತು ಒಮ್ಮೆ ಕೊಡವಿದ್ದಷ್ಟೇ, ಬೆಳಗಿನ ಬಿಸಿಲಿನಲ್ಲಿ ಬಿಳಿಯ ಪುಡಿ ಹೊಗೆಯ ಹಾಗೆ ಎದ್ದಿತು. ನಾನು ಉಸಿರು ಬಿಗಿಹಿಡಿದು ಅಂಗಳದ ಆಚೆ ತುದಿಗೆ ಓಡಿದೆ. ನೋಡಿದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಒಂದು ಸ್ವೆಟರಿಗೆ ಹೆದರಿ ಓಡುವುದೆಂದರೇನು! ಪುಡಿ ಅಡಗಿದ ಮೇಲೆ ಹಿಂದಿರುಗಿ, ಅದನ್ನು ಕೋಲಿನಿಂದ ಎತ್ತಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ನೀರು ಬೆಳ್ಳಗಾಯಿತು. ಅದು ಕಡೆಮನೆ ಅಕ್ಕನ ಸ್ವೆಟರ್. ಅವಳು ಹೋಗಿ ಇಷ್ಟು ವರ್ಷವಾದರೂ ಅವಳ ಮಣ್ಣು ಇನ್ನೂ ಅದರೊಳಗೇ ಕುಳಿತಿತ್ತು...

ನಮ್ಮದು ಕುನ್ನೂರಿನ ಬಳಿಯ ಹುಬ್ಬತಲೈ. ಹಟ್ಟಿಯ ಮನೆಗಳೆಲ್ಲ ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡಿವೆ. ನಮ್ಮ ಮನೆ ದಾಟಿದರೆ ಸಾಲಿನ ಕೊನೆಯದು ಅವಳದು. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಮೊದಲು ಮಾತಾಡಿಸಿದವಳು ಅವಳೇ. ಎಲ್ಲರ ಹಾಗೆ ಅವಳಿಗೂ ಒಂದಿಷ್ಟು ಟೀ ತೋಟವಿತ್ತು. ಬೆಳಿಗ್ಗೆ ಎಲೆ ಕಿತ್ತು ಫ್ಯಾಕ್ಟರಿ ಲಾರಿಗೆ ಹಾಕಿಬಂದರೆ ಮಧ್ಯಾಹ್ನದ ಮೇಲೆ ಮಣಿಯ ಕೆಲಸ. ಕುನ್ನೂರಿನಲ್ಲಿ ಹೊರಗಿನಿಂದ ಬಂದ ಹೆಂಗಸೊಬ್ಬರು ಪಿಂಗಾಣಿ ಮಣಿ, ಪದಕ ಮಾಡಿಸುವ ಶೆಡ್ಡು ಇಟ್ಟಿದ್ದರಂತೆ. ಅಕ್ಕ ಕಲಿತದ್ದು ಅಲ್ಲಿ. ಅವರು ಊರು ಬಿಡುವಾಗ ಮಣಿ ಸುಡುವ ಸಣ್ಣ ಕರೆಂಟು ಗೂಡನ್ನು ಇವಳಿಗೆ ಕೊಟ್ಟುಹೋದರು. ಹಿಂದೆ ಆಲೂಗಡ್ಡೆ ತುಂಬಿಡುತ್ತಿದ್ದ ಹಿತ್ತಲ ಕೋಣೆಯಲ್ಲಿ ಅದನ್ನು ಇಟ್ಟುಕೊಂಡಿದ್ದಳು.

ನಾನೂ ಅಲ್ಲಿ ಹೋಗಿ ಕೂರತೊಡಗಿದೆ. ಬಿಳಿ ಮಣ್ಣನ್ನು ಅಂಗೈಯಲ್ಲಿ ಉಂಡೆ ಮಾಡಿ, ಸ್ವೆಟರ್ ಹೆಣೆಯುವ ಕಡ್ಡಿಯಿಂದ ತೂತು ಹಾಕಿ, ಒಣಗಿಸಿ, ತೂತಿನ ಅಂಚನ್ನು ಒರಟು ಮರಳಿನ ಉಪ್ಪು ಕಾಗದದಿಂದ ತಿಕ್ಕಿ ನಯ ಮಾಡಬೇಕು. ಇಲ್ಲದಿದ್ದರೆ ಅಂಚು ದಾರವನ್ನೇ ಕೊಯ್ದುಬಿಡುತ್ತದೆ. ಒಮ್ಮೆ ಸುಟ್ಟು, ಬಣ್ಣದ ಲೇಪ ಕೊಟ್ಟು, ಒಂದಕ್ಕೊಂದು ತಾಗದ ಹಾಗೆ ಕಂಬಿಗೆ ಪೋಣಿಸಿ ಮತ್ತೊಮ್ಮೆ ಸುಡಬೇಕು. ಪದಕಗಳಿಗೆ ಅಕ್ಕ ಟೀ ಎಲೆಯ ಅಚ್ಚು ಒತ್ತುತ್ತಿದ್ದಳು. ಅದೂ ಹುಳ ತಿಂದ ಎಲೆಯೇ ಆಗಬೇಕು. ಹುಳ ಕೊರೆದ ಜಾಗದಲ್ಲೇ ದಾರದ ತೂತು ಹಾಕುವಳು.

"ಎಲ್ಲಿ ತೂತು ಹಾಕೋದು ಅಂತ ಹುಳನೇ ಹೇಳಿಕೊಡ್ತದೆ, ನಂಗ ತಲೆ ಕೆಡಿಸಿಕೊಳ್ಳೋದೇ ಬೇಡ," ಎಂದು ನಗುವಳು.

ಆದರೆ ನಮ್ಮ ಬೆಟ್ಟದಲ್ಲಿ ಮಣ್ಣು ಒಣಗಿಸುವುದೆಂದರೆ ಹುಡುಗಾಟವಲ್ಲ. ಬಿಸಿಲಿದೆ ಎನ್ನುತ್ತಿರುವಾಗಲೇ ಕಣಿವೆಯಿಂದ ಮಂಜು ಹತ್ತಿ ಬರುತ್ತದೆ. ಗಾಳಿ ತಾಗಿದ ಕಡೆ ಒಣಗಿ ಇನ್ನೊಂದು ಕಡೆ ಹಸಿಯಾಗಿಯೇ ಉಳಿದರೆ ಮಣಿ ತೂತಿನ ಸುತ್ತ ಸೀಳುತ್ತದೆ. ಒಳಗೆ ಪಸೆ ಉಳಿದರಂತೂ ಗೂಡಿನಲ್ಲಿ ಸಿಡಿದು ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ಅದಕ್ಕೇ ಅಕ್ಕ ಆ ಕೋಣೆಗಿದ್ದ ಒಂದೇ ಕಿಟಕಿಯನ್ನು ಸದಾ ಮುಚ್ಚಿರುತ್ತಿದ್ದಳು. ಸಂದುಗಳಿಗೆ ಗೋಣಿಚೀಲ ತುರುಕಿದ್ದಳು. ನಾನು ಒಳಗೆ ಕಾಲಿಟ್ಟರೆ ಮೊದಲ ಮಾತೇ "ಕದ ಮುಚ್ಚು ಕೂಸೇ, ಮಂಜು ಬರ್ತದೆ."

ಹಾಗೆ ಮುಚ್ಚಿದ ಕೋಣೆಯಲ್ಲಿ ಹೀಟರ್ ಹಚ್ಚಿಕೊಂಡು ಇಬ್ಬರೂ ಒಣಗಿದ ಮಣಿಗಳನ್ನು ತಿಕ್ಕುತ್ತಿದ್ದೆವು. ಪುಡಿ ಅವಳ ಹುಬ್ಬಿನ ಮೇಲೆ, ಕೂದಲಿನ ಮೇಲೆ, ಆ ನೀಲಿ ಸ್ವೆಟರಿನ ಮೇಲೆ ಕೂರುತ್ತಿತ್ತು. "ಅಕ್ಕ, ನೀ ಈಗಲೇ ಹೆತ್ತೆ ಆಗಿಬಿಟ್ಟೆ," ಎಂದು ನಾನು ಛೇಡಿಸುತ್ತಿದ್ದೆ. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಅವಳು ಬೇಕೆಂದೇ ಬೆನ್ನು ಬಾಗಿಸಿ, ಕಡ್ಡಿಯನ್ನೇ ಊರುಗೋಲು ಮಾಡಿಕೊಂಡು ಎರಡು ಹೆಜ್ಜೆ ನಡೆದು ತೋರಿಸುವಳು. ಅವಳು ಹೆತ್ತೆಯಾಗಲೇ ಇಲ್ಲ...

ಕೆಮ್ಮು ಯಾವಾಗ ಶುರುವಾಯಿತೋ ಗೊತ್ತಿಲ್ಲ. ನಮ್ಮ ಕಡೆ ಕೆಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಜು ಬಿದ್ದರೆ ಇಡೀ ಹಟ್ಟಿಯೇ ಕೆಮ್ಮುತ್ತದೆ. ಅವಳಿಗೂ ಎಲ್ಲರೂ ಹೇಳಿದ್ದು ಅದನ್ನೇ, ಮಂಜು ತಾಗಿಸಿಕೊಳ್ಳಬೇಡ, ಬೆಚ್ಚಗಿರು. ಅವಳು ಇನ್ನೊಂದು ಗೋಣಿಚೀಲ ತಂದು ಕಿಟಕಿಗೆ ತುರುಕಿದಳು. ಕೆಮ್ಮು ಹೆಚ್ಚಿದಷ್ಟೂ ಕಿಟಕಿ ಬಿಗಿಯಾಯಿತು.

ಬೆಳಿಗ್ಗೆ ಹಾಲು ಕಾಯಿಸುವಾಗ ಗೋಡೆಯಾಚೆಯಿಂದ ಅವಳ ಕೆಮ್ಮು ಕೇಳಿಸುತ್ತಿತ್ತು. ಕೇಳಿಸಿದರೂ ಭಯ, ಕೇಳಿಸದಿದ್ದರೆ ಇನ್ನೂ ಭಯ. ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದೆ. ಎಷ್ಟೋ ಸಲ ಹಾಲು ಉಕ್ಕಿ ಒಲೆ ಆರಿದೆ. ಅವಳು ತೋಟದ ಏರಿನಲ್ಲಿ ದಮ್ಮು ಕಟ್ಟಿ ಎಲೆಯ ಚೀಲ ಇಳಿಸಿ ಇಳಿಸಿ ಹತ್ತತೊಡಗಿದಾಗ, ಅವಳ ಗಂಡ ಕುನ್ನೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅವರನ್ನು ನಾನು ಭಾವ ಎನ್ನುತ್ತಿದ್ದೆ. ಹಿಂದಿರುಗಿದ ಅಕ್ಕನನ್ನು ಏನಾಯಿತೆಂದು ಕೇಳಿದೆ.

"ಏನ ಕೆಲಸ ಮಾಡೀರಿ ಅಂತ ಕೇಳಿದರು. ಎಲೆ ಕೀಳೋದು ಅಂದೆ. ಚಳಿಗೆ ಅಂತ ಹೇಳಿ ಮಾತ್ರೆ ಕೊಟ್ಟರು, ಅಷ್ಟೇ. ಭಯ ಏನೂ ಇಲ್ಲೆ."

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ಕೆಲಸ ಎಂದರೆ ತೋಟ. ಮಣಿ ಮಾಡುವುದು ಸ್ವೆಟರ್ ಹೆಣೆದ ಹಾಗೆ, ಕೈ ಬಿಡುವಾದಾಗ ಮಾಡುವಂಥದ್ದು. ಅದನ್ನು ಕೆಲಸವೆಂದು ಡಾಕ್ಟರರ ಮುಂದೆ ಹೇಳಬೇಕೆಂದು ಅವಳಿಗೂ ತೋಚಲಿಲ್ಲ, ಭಾವನಿಗೂ ತೋಚಲಿಲ್ಲ, ಕೇಳಿಸಿಕೊಂಡ ನನಗೂ ತೋಚಲಿಲ್ಲ. ಮಾತ್ರೆ ಮುಗಿಯಿತು, ಬೇರೆ ಮಾತ್ರೆ ಬಂತು, ಕೆಮ್ಮು ಹೋಗಲಿಲ್ಲ. ಕೊನೆಗೆ ಕೊಯಮತ್ತೂರಿಗೇ ಹೋಗಬೇಕಾಯಿತು. ಆ ದಿನ ಭಾವನಿಗೆ ಟೀ ಫ್ಯಾಕ್ಟರಿಯ ಕೆಲಸಕ್ಕೆ ರಜೆ ಸಿಗದೆ ಜೊತೆಗೆ ನಾನು ಹೋದೆ.

ಅಲ್ಲಿಯ ದೊಡ್ಡ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದ್ದೀರಾ ಎಂದು ತಮಿಳಿನಲ್ಲಿ ಕೇಳಿದರು. ಅಕ್ಕನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಇಳಿಸಿ, ತನ್ನ ಉಗುರುಗಳನ್ನು ನೋಡಿದಳು. ಎಷ್ಟು ತೊಳೆದರೂ ಹೋಗದ ಬಿಳಿ ಪುಡಿ ಅಲ್ಲಿತ್ತು. ನಗು ನಿಂತೇಹೋಯಿತು.

"ಮಣಿ..." ಎಂದಳು, ನನ್ನ ಕಡೆ ತಿರುಗಿ.

ಒಣಮಣ್ಣಿನ ನುಣ್ಣನೆಯ ಪುಡಿ ಎದೆಯೊಳಗೆ ಹೋದರೆ ತಿರುಗಿ ಬರುವುದಿಲ್ಲ, ಗಾಯ ಮಾಡಿಕೊಂಡು ಅಲ್ಲೇ ಉಳಿಯುತ್ತದೆ ಎಂದು ಡಾಕ್ಟರ್ ವಿವರಿಸಿದರು. ಬಸ್ಸು ಘಾಟಿ ಹತ್ತುವಾಗ ಅವಳು ಉಗುರಿನ ಪುಡಿಯನ್ನು ಕೆದಕುತ್ತಲೇ ಇದ್ದಳು. ಮನೆ ಮುಟ್ಟಿದವಳೇ ನೆಟ್ಟಗೆ ಹಿತ್ತಲ ಕೋಣೆಗೆ ಹೋಗಿ, ಗೋಣಿಚೀಲಗಳನ್ನು ಎಳೆದು ಬಿಸಾಕಿ, ಕಿಟಕಿ ತೆರೆದಳು. ಮಂಜು ಒಳಗೆ ಬಂತು. ಹಲಗೆಯ ಮೇಲೆ ಹಿಂದಿನ ದಿನ ಮಾಡಿಟ್ಟ ಹಸಿ ಮಣಿಗಳಿದ್ದವು. ನಾನು ಅಭ್ಯಾಸಬಲದಿಂದ ಅವನ್ನು ಮುಚ್ಚಲು ಓಡಿದೆ.

"ಬಿಡು ಕೂಸೇ. ಒಡೆಯಲಿ," ಎಂದಳು.

ಆಮೇಲೂ ಅವಳು ಸುಮ್ಮನೆ ಕೂರಲಿಲ್ಲ. ಮಣಿ ಅರೆಹಸಿ ಇರುವಾಗಲೇ ಒದ್ದೆ ಸ್ಪಂಜಿನಿಂದ ತೂತಿನ ಅಂಚು ಒರೆಸಿ ನೋಡಿದಳು. ಅಂಚು ಬೆಣ್ಣೆಯಂತೆ ನಯವಾಯಿತು. ಒಂದಿಷ್ಟೂ ಪುಡಿ ಏಳಲಿಲ್ಲ. ಆ ಮಣಿಯನ್ನು ನನ್ನ ಅಂಗೈಗೆ ಹಾಕಿ, "ಇಷ್ಟೇ ಇತ್ತು, ನೋಡು," ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಮುಂದಿನ ಚಳಿಗಾಲ, ಹುಲ್ಲಿನ ಮೇಲೆಲ್ಲ ಹಿಮ ಬಿದ್ದಿದ್ದ ಒಂದು ಬೆಳಿಗ್ಗೆ, ಹಾಲು ಕಾದರೂ ಗೋಡೆಯಾಚೆ ಸದ್ದಿರಲಿಲ್ಲ...

ಆಮೇಲೆ ಭಾವ ಸ್ವೆಟರಿನ ಜೊತೆ ನನಗೇ ಕೊಟ್ಟ ಆ ಗೂಡು ಈಗ ನಮ್ಮ ಜಗಲಿಯಲ್ಲಿದೆ. ಮೂರು ಕಡೆಯೂ ಬಯಲು. ಒಣಗಲು ಇಟ್ಟ ಮಣಿಗಳಲ್ಲಿ ಅರ್ಧಕ್ಕರ್ಧ ಸೀಳುತ್ತವೆ. ಸೀಳಿದವನ್ನು ಮತ್ತೆ ನೀರಿನಲ್ಲಿ ಕರಗಿಸಿ ಇನ್ನೊಮ್ಮೆ ಮಾಡುತ್ತೇನೆ. ಅದರ ಬಗ್ಗೆ ಬೇಸರವಿಲ್ಲ. ಆದರೆ ಈ ಮಳೆಗಾಲದಿಂದ ನನಗೊಂದು ಒಣಕೆಮ್ಮು ಹತ್ತಿಕೊಂಡಿದೆ. ಮಂಜಿನದೇ ಇರಬಹುದು. ನಮ್ಮ ಅತ್ತೆಯೂ ಅದನ್ನೇ ಹೇಳುತ್ತಾರೆ, "ಕದ ಹಾಕಿ ಒಳಗೆ ಕೂರು, ಮಂಜು ತಾಗ್ತದೆ." ಆ ಮಾತು ಕೇಳಿದರೆ ಸಾಕು, ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತೇನೆ. ಅಕ್ಕನ ಜೊತೆ ಆ ಕೋಣೆಯಲ್ಲಿ ನಾನು ಕುಳಿತದ್ದೇನು ಒಂದೆರಡು ದಿನವೇ?

ಬಕೆಟ್ಟಿನ ನೀರು ಬೆಳ್ಳಗಾದದ್ದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಕುನ್ನೂರಿನ ಡಾಕ್ಟರರ ಹತ್ತಿರ ಹೋದೆ. ಬಸ್ಸಿನುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದೆ, ಎಲೆ ಕೀಳುವುದು ಎಂದು ಎಲ್ಲಿ ಬಾಯಿತಪ್ಪಿ ಬಂದುಬಿಡುತ್ತದೋ ಎಂದು. ಒಳಗೆ ಕರೆದಾಗ, ಸ್ಟೂಲಿನ ಮೇಲೆ ಕೂರುವ ಮೊದಲೇ ಹೇಳಿಬಿಟ್ಟೆ.

"ಮಣಿ ಮಾಡ್ತೇನೆ ಡಾಕ್ಟರ್. ಮಣ್ಣಿನ ಮಣಿ. ಅದೇ ನನ್ನ ಕೆಲಸ. ಮೊದಲೆಲ್ಲ ಕಿಟಕಿ ಮುಚ್ಚಿದ ಕೋಣೆಲಿ ಕೂತು ಒಣಮಣ್ಣು ತಿಕ್ಕಿದ್ದೇವೆ, ನಾವಿಬ್ಬರು."

ಅವರು ಬರೆದುಕೊಳ್ಳುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿದರು. "ಇನ್ನೊಬ್ಬರು ಯಾರು? ಅವರನ್ನೂ ಕರಕೊಂಡು ಬರಬೇಕಿತ್ತಲ್ಲ?"

"ನಮ್ಮ ಕಡೆಮನೆ ಅಕ್ಕ. ಅವಳು ಎಲೆ ಕೀಳೋದು ಅಂತ ಹೇಳಿದ್ದಳು, ಡಾಕ್ಟರ್," ಎಂದೆ.