ಗರಗಸದ ಆಚೆ ಬದಿ

ಬೀದಿಯ ಮಕ್ಕಳೆಲ್ಲ ಅವನನ್ನು ಟಣ್ಣಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಈ ಅಡ್ಡಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಸೌದೆ ಕೊಳ್ಳಲು ಯಾರೇ ಬರಲಿ, ರಾಶಿಯಿಂದ ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿದು ತೋರಿಸುತ್ತಿದ್ದ. ಒಣಗಿದ ಸೌದೆ ಟಣ್ ಎನ್ನುತ್ತದೆ, ಹಸಿಯದು ದೊಪ್ ಎನ್ನುತ್ತದೆ. "ಟಣ್ ಅಂತು ನೋಡಿ, ಇನ್ನು ಕಡ್ಡಿ ಗೀರೋದೊಂದೇ ಬಾಕಿ," ಎಂದು ನಗುತ್ತಿದ್ದ. ದೊಪ್ ಎಂದದ್ದನ್ನು ಗಿರಾಕಿ ಗೋಗರೆದರೂ ಕೊಡುತ್ತಿರಲಿಲ್ಲ. ಇದರಲ್ಲಿ ಒಂದಿಷ್ಟು ಜಂಬವೂ ಇತ್ತೆನ್ನಿ.

ಮೊದಲು ಅವನು ಕೊಡಲಿ ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಸೌದೆ ಒಡೆದುಕೊಡುತ್ತಿದ್ದವನು. ಮದುವೆಯಾದ ಮೇಲೆ ಹೆಂಡತಿಯೇ ಹಟ ಹಿಡಿದು, ಯಾರೋ ಮೂಲೆಗೆಸೆದಿದ್ದ ಗರಗಸದ ಮೆಷಿನ್ ಕೊಡಿಸಿದಳು. ಮುಚ್ಚಿಹೋದ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅದನ್ನು ಕೂರಿಸಿದರು. ಅಂದಿನಿಂದ ಈಚೆ ಬದಿಯಲ್ಲಿ ಅವನು ದಿಮ್ಮಿ ನೂಕುವುದು, ಆಚೆ ಬದಿಯಲ್ಲಿ ಅವಳು ತುಂಡುಗಳನ್ನು ಎಳೆದುಕೊಳ್ಳುವುದು. ಗರಗಸದ ಚಕ್ರದ ಕೆಳಗೊಂದು ಗುಂಡಿ. ಅದರಲ್ಲಿ ಮರದ ಹೊಟ್ಟು ತುಂಬಿಕೊಂಡರೆ ಮೆಷಿನ್ ತಿಣುಕತೊಡಗುತ್ತದೆ. ಆಗ ನಿಲ್ಲಿಸಿ, ಅವಳು ಭುಜದವರೆಗೆ ಕೈ ಇಳಿಸಿ ಹೊಟ್ಟನ್ನು ಬಾಚಿ ತೆಗೆಯಬೇಕು.

ಸ್ವಿಚ್ಚು ಇದ್ದದ್ದು ಹಿಂದಿನ ಗೋಡೆಯಲ್ಲಿ. ನಡುವೆ ಆಳೆತ್ತರದ ದಿಮ್ಮಿಗಳ ರಾಶಿ. ಅಲ್ಲಿ ನಿಂತರೆ ಅವಳು ಕಾಣುತ್ತಿರಲಿಲ್ಲ. ಅದಕ್ಕೇ ಮೊದಲ ದಿನವೇ ಒಂದು ಕರಾರು ಮಾಡಿಕೊಂಡಿದ್ದರು. ಅವನು "ಹಾಕ್ಲಾ?" ಎಂದು ಕೂಗಬೇಕು. ಅವಳು ಕೈ ಹೊರಗೆ ತೆಗೆದು, ಎದ್ದು ನಿಂತು, "ಹಾಂ" ಎನ್ನಬೇಕು. ಹಾಂ ಬಾರದೆ ಸ್ವಿಚ್ಚಿಗೆ ಬೆರಳು ತಾಗಿಸುವಂತಿಲ್ಲ. ಸ್ವಿಚ್ಚನ್ನು ಈಚೆ ತರಿಸಿ ಎಂದು ಕರೆಂಟಿನವನು ಹೇಳಿದ್ದ. ನಾಳೆ ನೋಡೋಣ ಎಂದಿದ್ದರು. ಆ ನಾಳೆ ಬರುವಷ್ಟರಲ್ಲಿ ಇಬ್ಬರ ತಲೆಯೂ ನೆರೆತಿತ್ತು.

ಕಿವಿ ಹೋಗಲು ಶುರುವಾದದ್ದು ಅವನಿಗೆ ತಿಳಿಯಲೇ ಇಲ್ಲ. ಮೊದಮೊದಲು ಜನ ಈಚೀಚೆಗೆ ಪಿಸುಗುಟ್ಟುವುದನ್ನು ಕಲಿತಿದ್ದಾರೆ ಎಂದುಕೊಂಡ. ಆಮೇಲೆ ಕುಕ್ಕರ್ ಕೂಗುವುದನ್ನೇ ನಿಲ್ಲಿಸಿದೆ ಎಂದುಕೊಂಡ. ಗರಗಸದ ಕಿರುಚಾಟ ಇಷ್ಟು ವರ್ಷ ಪುಕ್ಕಟೆ ಕೇಳಿದ್ದಕ್ಕೆ ಈಗ ಬಡ್ಡಿ ಕಟ್ಟುತ್ತಿದ್ದೇನೆಂದು ಅರ್ಥವಾದ ದಿನವೂ ಅವನು ಅದನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ಮೆಷಿನ್ ಮಾರಿಸಿಬಿಡುತ್ತಾಳೆ. ಮೆಷಿನ್ ಹೋದರೆ ಮತ್ತೆ ಕೊಡಲಿ ಹಿಡಿಯಬೇಕು, ರಟ್ಟೆಯಲ್ಲಿ ಕಸುವಿಲ್ಲ. ಹಾಗಾಗಿ ತುಟಿ ನೋಡಿ ಮಾತು ಊಹಿಸುವುದನ್ನು ಅಭ್ಯಾಸ ಮಾಡಿಕೊಂಡ. ಊಹೆಗೆ ಸಿಗದಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದ.

"ಜಾಣ ಕಿವುಡು ನಿಮ್ಮದು," ಎನ್ನುತ್ತಿದ್ದಳು ಅವಳು. "ಗೋಡೆಗೂ ಕಿವಿ ಇರ್ತವಂತೆ. ನಿಮಗೆ ಮಾತ್ರ ಇಲ್ಲ."

ಅವನು ತಲೆಯಾಡಿಸಿದ.

ಒಂದು ಬೆಳಿಗ್ಗೆ ಬೇಕರಿಯವನು ಸೈಕಲ್ಲಿನಲ್ಲಿ ಒಂದು ಹೊರೆ ಸೌದೆ ಹೇರಿಕೊಂಡು ಬಂದು ದಡಾರನೆ ಕೆಡವಿದ. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಬಾಯಿ ದೊಡ್ಡದು ಮಾಡಿ ಮಾತಾಡುವವನಾದ್ದರಿಂದ ಅವನ ಒಂದೊಂದು ಮಾತೂ ಟಣ್ಣಪ್ಪನಿಗೆ ತಿಳಿಯಿತು.

"ಒಲೆಯೆಲ್ಲ ಹೊಗೆ. ಬ್ರೆಡ್ಡು ಮೇಲೆ ಸೀದು ಒಳಗೆ ಹಿಟ್ಟಾಗೇ ಉಳಿದಿದೆ. ಹಸಿ ಸೌದೆ ಕೊಟ್ಟಿದೀರಲ್ಲ ಅಣ್ಣ."

"ಟಣ್ ಅಂತಲ್ಲ? ನಿನ್ನೆದುರಿಗೇ ಬಡಿದೆ."

"ಟಣ್ ಅಂದಿದ್ದು ಸೌದೆ ಅಲ್ಲ, ನೀವು. ತಮಾಷೆ ಮಾಡ್ತಿದೀರ ಅಂತ ಸುಮ್ಮನಾದೆ."

ಟಣ್ಣಪ್ಪ ಬಗ್ಗಿ ಆ ಹೊರೆಯಿಂದಲೇ ಎರಡು ಸೀಳು ಎತ್ತಿ ಬಡಿದ. ಟಣ್ ಎಂದಿತು. ಒಣ ರಾಶಿಯಿಂದ ಬೇರೆ ಎರಡು ತಂದು ಬಡಿದ. ಅದೂ ಟಣ್ ಎಂದಿತು. ಬೇಕರಿಯವನ ಮುಖ ನೋಡಿದ. ಅಲ್ಲಿ ಸಿಟ್ಟು ಹೋಗಿ ಒಂಥರಾ ಕನಿಕರ ಬಂದು ಕೂತಿತ್ತು. ಟಣ್ಣಪ್ಪನಿಗೆ ನಾಚಿಕೆಯಾಯಿತು. ಬೇರೆ ಸೌದೆ ಕಟ್ಟಿಕೊಟ್ಟು ಕಳಿಸಿದ.

ಆಚೆ ಬದಿಯಿಂದ ಅವಳು ಕೈಬೀಸಿ ಕರೆದಳು. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡಿದ್ದಳು. ಕೆಲಸ ಶುರುವಾಯಿತು. ಅರ್ಧ ರಾಶಿ ಕೊಯ್ಯುವಷ್ಟರಲ್ಲಿ ಮೆಷಿನ್ ತಿಣುಕಿತು. ಅವನು ನಿಲ್ಲಿಸಿದ. ಗುಂಡಿ ಬಾಚಲು ಅವಳಿಗೆ ಹಿಡಿಯುವಷ್ಟು ಹೊತ್ತು ಸ್ವಿಚ್ಚಿನ ಪಕ್ಕವೇ ಕಾದು ನಿಂತು, ಎಂದಿನಂತೆ ಕೂಗಿದ.

"ಹಾಕ್ಲಾ?"

ಹಾಂ ಎಂದಿತು.

ಬೆರಳು ಸ್ವಿಚ್ಚಿನ ಮೇಲೇ ಇತ್ತು. ಸ್ಪಷ್ಟವಾಗಿ ಕೇಳಿಸಿತ್ತು, ಅವಳದೇ ದನಿ, ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಹಾಂ. ಆದರೆ ಬೆಳಿಗ್ಗೆಯ ಟಣ್ಣೂ ಹೀಗೇ ಸ್ಪಷ್ಟವಾಗಿ ಕೇಳಿಸಿತ್ತಲ್ಲ ಎಂಬುದು ಅವನಿಗೆ ನೆನಪಾಯಿತು. ಬೆರಳು ತೆಗೆದ. ರಾಶಿಯನ್ನು ಸುತ್ತಿಕೊಂಡು, ದಿಮ್ಮಿಗೆ ಎಡವಿ, ಆಚೆ ಬದಿಗೆ ಬಂದ.

ಅವಳು ಮಂಡಿಯೂರಿ ಕೂತಿದ್ದಳು. ಬಲಗೈ ಭುಜದವರೆಗೂ ಗುಂಡಿಯೊಳಗಿತ್ತು. ಕೆನ್ನೆ ಮೆಷಿನ್ನಿನ ಕಾಲಿಗೆ ಒತ್ತಿಕೊಂಡಿತ್ತು. ಚಕ್ರದ ಹಲ್ಲು ಅವಳ ತೋಳಿನಿಂದ ಒಂದು ಗೇಣೂ ದೂರವಿರಲಿಲ್ಲ. ನೆರಳು ಬಿದ್ದಾಗ ತಲೆಯೆತ್ತಿ, ಎಡಗೈಯಲ್ಲಿ ಬಟ್ಟೆ ಕೆಳಗೆಳೆದಳು.

"ಏನ್ರೀ? ಒಂದು ಚಕ್ಕೆ ಸಿಕ್ಕೊಂಡಿದೆ. ನೀವಿನ್ನೂ ಕೂಗೇ ಇಲ್ವಲ್ಲ?"

"ಕೂಗಿದೆ."

"ಲಾರಿ ಹೋಯ್ತು ನೋಡಿ, ಕೇಳಿಸಲಿಲ್ಲ."

"ನೀನು ಹಾಂ ಅಂದೆ."

"ನಾನೇನೂ ಅಂದಿಲ್ಲ."

ಅವನು ಹೊಟ್ಟಿನ ಮೇಲೇ ಕುಸಿದು ಕೂತ. "ಕೈ ತೆಗಿ ಮೊದಲು," ಎಂದ. ಅವಳು ತೆಗೆದ ಮೇಲೆ, ನೆಲ ನೋಡುತ್ತ ಹೇಳಿದ. "ನನಗೆ ಕಿವಿ ಕೇಳಿಸ್ತಿಲ್ಲ ಕಣೆ. ನಿನ್ನ ಹಾಂ ಅಂತೂ ಎಷ್ಟು ದಿನದಿಂದ ಕೇಳಿಸಿಲ್ವೋ ಗೊತ್ತಿಲ್ಲ. ನನ್ನ ತಲೆಯೇ ಹಾಂ ಅಂತಿದೆ, ನಾನು ಹಾಕ್ತಿದೀನಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಲಗೈಯನ್ನು ಮುಖದ ಮುಂದೆ ಹಿಡಿದು, ತಿರುಗಿಸಿ, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಆಮೇಲೆ ಎದ್ದು ಸ್ವಿಚ್ಚಿದ್ದ ಗೋಡೆಯ ಹತ್ತಿರ ಹೋದಳು. ಅವನು ಕೂತಲ್ಲೇ ಕಾದ. ಮೆಷಿನ್ ಇವತ್ತಿಗೆ ಮುಗಿಯಿತು ಎಂದುಕೊಂಡ. ಅವಳು ಫ್ಯೂಸ್ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ನೋಡ್ಕೊಳ್ಳಿ ನನ್ನ ಬಾಯಿ," ಎಂದಳು. "ಸೌದೆ ಇನ್ಮೇಲೆ ನಾನು ಬಡಿದು ನೋಡ್ತೀನಿ. ನಾಳೆ ಕರೆಂಟಿನವನನ್ನ ಕರೆಸ್ತೀನಿ. ಕಿವಿ ಡಾಕ್ಟರ ಹತ್ರ ನಾನೂ ಬರ್ತೀನಿ. ತಿಳೀತಾ?"

ಅವನು ತಲೆಯಾಡಿಸಿದ.

"ಹಂಗಲ್ಲ. ಬಾಯಿ ಬಿಟ್ಟು ಹೇಳಿ."

"ತಿಳೀತು."

ಅವಳು ಮತ್ತೆ ಮಂಡಿಯೂರಿ ಉಳಿದ ಹೊಟ್ಟನ್ನೆಲ್ಲ ಬಾಚಿ ಮುಗಿಸಿದಳು. ಅವನು ಸ್ವಿಚ್ಚಿನ ಹತ್ತಿರ ಹೋಗಿ ನಿಂತು, ಅಭ್ಯಾಸಬಲದಿಂದ "ಹಾಕ್ಲಾ?" ಎಂದು ಕೂಗಿದ. ತಲೆಯೊಳಗೆ ಹಾಂ ಎಂದಿತು. ಅವನು ಕೈಕಟ್ಟಿ ನಿಂತ. ಸ್ವಲ್ಪ ಹೊತ್ತಿಗೆ ರಾಶಿಯ ಮರೆಯಿಂದ ಅವಳು ಬಂದಳು. ಸೆರಗಿನ ಗಂಟು ಬಿಚ್ಚಿ, ಹೊಟ್ಟು ಮೆತ್ತಿದ ಬಲಗೈಯಿಂದ ಫ್ಯೂಸನ್ನು ಅವನ ಅಂಗೈಯಲ್ಲಿಟ್ಟಳು.