ಗೈಡ್ ಸೇರಿಸಿದ ಮೂರು ಪ್ರಬಂಧಗಳು

ನನ್ನ ಪ್ರಬಂಧದ ಕರಡಿನ ಕೊನೆಯ ಪುಟದಲ್ಲಿ ಗೈಡ್ ತಮ್ಮ ಕೈಯಾರೆ ಮೂರು ಪ್ರಬಂಧಗಳ ಹೆಸರು ಬರೆದಿದ್ದರು. ಮೂರೂ ಅವರದೇ. ಸಹಿ ಬೇಕಿದ್ದರೆ ಇವನ್ನು ರೆಫರೆನ್ಸಿಗೆ ಸೇರಿಸು ಎಂದಿದ್ದರು. ಎಂ.ಎಸ್ಸಿ.ಗೆ ನಾನು ಬರೆದದ್ದು ಬಣಕಲ್ ಸುತ್ತಿನ ಕಾಫಿ ತೋಟಗಳ ನೆರಳು ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳ ಬಗ್ಗೆ. ಅವರು ಬರೆದದ್ದು ಬಯಲುಸೀಮೆಯ ಕೆರೆಮೀನಿನ ಬಗ್ಗೆ. ಮೂರನ್ನೂ ಕೂತು ಓದಿದೆ. ಹಕ್ಕಿಯೂ ಇಲ್ಲ, ಮರವೂ ಇಲ್ಲ. ಮೈಯೆಲ್ಲ ಉರಿಯಿತು.

ಒಪ್ಪಿಸುವ ಮುಂಚಿನ ಭಾನುವಾರ ತಿದ್ದುವುದಕ್ಕೆ ಅಪ್ಪ ಜೊತೆಗೆ ಕೂತರು. ಅಪ್ಪ ಎಸ್ಟೇಟಿನಲ್ಲಿ ರೈಟರ್; ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವರು. ನನ್ನ ರೆಫರೆನ್ಸ್ ಪಟ್ಟಿಯನ್ನೂ ಹಾಗೆಯೇ ಕೂಗತೊಡಗಿದರು. ಯಾವ ದೇಶದ ವಿಜ್ಞಾನಿಯಾದರೂ ಅಪ್ಪನ ಬಾಯಲ್ಲಿ ನಮ್ಮ ಎಸ್ಟೇಟಿನ ಕೂಲಿಲೈನಿನವರೇ ಆಗಿಬಿಟ್ಟರು. ಆ ಹೆಸರು ಬರಹದೊಳಗಿದ್ದು, ಮೂಲವನ್ನು ನಾನು ಓದಿದ್ದರೆ ಮಾತ್ರ "ಬಂದಿದಾರೆ" ಎನ್ನಬೇಕು. ಒಬ್ಬರ ಇಸವಿ ತಪ್ಪಿತ್ತು, ತಿದ್ದಿದೆ. ಇನ್ನೊಬ್ಬರು ಪಟ್ಟಿಯಲ್ಲಿದ್ದರು, ಒಳಗೆಲ್ಲೂ ಇರಲಿಲ್ಲ, ಹೊಡೆದುಹಾಕಿದೆ. ಕೆಲಸ ನಗುನಗುತ್ತಲೇ ಸಾಗಿತ್ತು.

ಗೈಡ್ ಹೆಸರು ಬಂತು. ನಾನು ಪೆನ್ನು ಕೈಗೆತ್ತಿಕೊಂಡೆ. ಅಪ್ಪ ಮತ್ತೆ ಕೂಗಿದರು.

"ಬಂದಿಲ್ಲ," ಎಂದೆ. "ಮೂರೂ ಮೀನಿನ ಕತೆ ಅಪ್ಪ. ತೆಗೀತೀನಿ."

ಅಪ್ಪ ಕನ್ನಡಕ ತೆಗೆದಿಟ್ಟರು. "ಇರ್ಲಿ ಬಿಡು ಮಾರಾಯ್ತಿ. ಧಣಿ ಕಡೆಯವ್ರು ಕೆಲ್ಸಕ್ಕೆ ಬರ್ದೇ ಇದ್ರೂ ನಾನು ಹಾಜರಿ ಹಾಕಿಲ್ವಾ? ನೀರಲ್ಲಿದ್ಕಂಡು ಮೊಸಳೆ ಹತ್ರ ಜಗಳ ಮಾಡ್ಬಾರ್ದು."

"ನೀವು ಹಾಕಿದ್ದು ನಮ್ಮ ಹೊಟ್ಟೆಪಾಡಿಗೆ. ನಮ್ಮನೇಲಿ ಒಬ್ರು ಸುಳ್ಳು ಹಾಜರಿ ಹಾಕಿದ್ದು ಸಾಕು."

ಅಪ್ಪನಿಗೆ ನೋವಾಯಿತು. ನನಗೂ ಆಯಿತು. ಆದರೂ ಮೂರನ್ನೂ ತೆಗೆದೆ.

ಮರುದಿನ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಗೈಡ್ ಹಕ್ಕಿಗಳ ಕಡೆ ಕಣ್ಣೂ ಹಾಯಿಸದೆ ಸೀದಾ ಕೊನೆಯ ಪುಟ ತೆಗೆದರು.

"ನನ್ನ ಪೇಪರ್‌ಗಳೆಲ್ಲಿ?"

"ಓದಿದೆ ಸರ್. ನಾನು ಬರೆದ ಒಂದು ಮಾತಿಗೂ ಅವು ಆಧಾರ ಆಗಲ್ಲ."

"ಹಾಗಾದ್ರೆ ಸಹಿನೂ ಆಗಲ್ಲ." ಪೆನ್ನಿಗೆ ಮುಚ್ಚಳ ಹಾಕಿದರು. ಸಹಿ ಇಲ್ಲದಿದ್ದರೆ ನನ್ನದೊಂದು ವರ್ಷ ಹೋದಂತೆಯೇ. ಅದು ಅವರಿಗೂ ಗೊತ್ತು. ಆನೆ ನಡೆದದ್ದೇ ದಾರಿ ಎಂದು ಆ ಕೋಣೆಯಲ್ಲಿ ನನಗಿಂತ ಮುಂಚಿನ ವಿದ್ಯಾರ್ಥಿಗಳೆಲ್ಲರೂ ಒಪ್ಪಿಕೊಂಡು ಬಂದವರೇ. ನನಗೆ ಒಪ್ಪಲಾಗಲಿಲ್ಲ.

"ಆಗ್ಲಿ ಸರ್," ಎಂದು ನನ್ನ ಪ್ರಬಂಧ ಎತ್ತಿಕೊಂಡು ಬಂದೆ. ತಿರುಗಿ ನೋಡಲಿಲ್ಲ.

ಬಣಕಲ್‌ನಲ್ಲಿ ಬಸ್ಸಿಳಿದರೆ ಅಪ್ಪ ಕಾಯುತ್ತಿದ್ದರು. ನಡೆದದ್ದನ್ನು ಹೇಳಿ, ಬೈಗುಳಕ್ಕೆ ತಯಾರಾಗಿ ನಿಂತೆ. ಧಣಿಯೆದುರು ಒಮ್ಮೆಯೂ ದನಿ ಎತ್ತದ ಅಪ್ಪ ಕೇಳಿದ್ದು ಒಂದೇ ಮಾತು.

"ಅವ್ರ ಮೇಲೆ ಯಾರಿದಾರೆ?"

"ಪ್ರಿನ್ಸಿಪಾಲ್ರು."

"ನಾಳೆ ಹೋಗಾಣ. ನಾಳಿನ ರಜ ಧಣಿಗೆ ಆಗ್ಲೇ ಹೇಳಿ ಬಂದಿದೀನಿ."